ನಮ್ಮ ಹೆಣ್ಣುಮಕ್ಕಳೂ ಸಿಹಿಮೂತ್ರ ರೋಗವೂ

ಶಾಲೆಯ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನದಲ್ಲಿ ಪರೀಕ್ಷೆಯ ಫಲಿತಾಂಶ, ಆಟದ ಪಂದ್ಯಗಳು, ಕಟ್ಟಡದ ದುರಸ್ತಿ ಮುಂತಾದ ಸಮಾಚಾರಗಳಿರಬೇಕೆಂದು ವಾಚಕರು ಎದುರುನೋಡುವುದು ಸಹಜವಾಗಿದೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುತ್ತವೆ. ನಾವು ಈ ಸಲ ಒಂದು ಕಾಯಿಲೆಯ ವಿಷಯವನ್ನು ಆರಿಸಿಕೊಂಡಿದ್ದೇವೆ. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಬಹುಮಂದಿ ಈಗ ತಾಯಂದಿರಾಗಿದ್ದಾರೆ; ಕೆಲವರು ಅತ್ತೆಯರೂ ಆಗಿದ್ದಾರೆ. ಮನೆಯಲ್ಲಿ ಮಗುವು ವಾಂತಿಮಾಡಿಕೊಂಡರೆ ಮೊದಲು ಅದರ ಹಣೆಯನ್ನು ಮುಟ್ಟಿ ನೋಡುವ ಕೈ ಅವರದೇ. ಆ ಕೈಗೆ ಸಮಯಕ್ಕೆ ಒದಗಬಹುದಾದ ಒಂದು ತಿಳಿವಳಿಕೆಯನ್ನು ಕೊಡುವುದು ಶಾಲೆಯ ಕೆಲಸವೇ ಎಂದು ನಾವು ನಂಬಿದ್ದೇವೆ.

ನಮ್ಮ ಸೀಮೆಯಲ್ಲಿ ಸಿಹಿಮೂತ್ರ ರೋಗವನ್ನು ಸಕ್ಕರೆ ಕಾಯಿಲೆಯೆಂದು ಕರೆಯುವುದು ವಾಡಿಕೆ. ಚುಂಚನಕಟ್ಟೆಯ ಆಸುಪಾಸಿನಲ್ಲಿ ಕಾವೇರಿಯ ನಾಲೆಗಳ ಕೆಳಗೆ ಭತ್ತವೂ ಕಬ್ಬೂ ಬೆಳೆಯುತ್ತವೆ. ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಆ ಊರಿನ ಹೆಸರಿಗೆ ಸಕ್ಕರೆಯ ನಂಟೂ ಸೇರಿಕೊಂಡಿತು. ಹೀಗಿರಲು ಸಿಹಿ ತಿಂದವರಿಗೆ ಸಕ್ಕರೆ ಕಾಯಿಲೆ ಬರುವುದೆಂದೂ, ಅದು ಉಳ್ಳವರ, ಸ್ಥೂಲಶರೀರದವರ, ಮುದುಕರ ಕಾಯಿಲೆಯೆಂದೂ ಜನರು ಭಾವಿಸಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹನ್ನೊಂದು ವರ್ಷದ ತೆಳ್ಳನೆಯ ಹುಡುಗಿಗೆ, ಕೂಲಿಮಾಡುವವರ ಮಗಳಿಗೆ, ಇದು ಬರಬಹುದೆಂದರೆ ನಗುವವರೇ ಹೆಚ್ಚು. ಆ ನಗುವಿನಲ್ಲಿ ಪ್ರಾಣಾಪಾಯವಿದೆ.

ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕಾಣಿಸಿಕೊಂಡು ಮೆಲ್ಲಮೆಲ್ಲನೆ ಬೆಳೆಯುವುದು ಎರಡನೆಯ ಬಗೆ. ಮಕ್ಕಳಲ್ಲಿಯೂ ಹರೆಯದವರಲ್ಲಿಯೂ ಬರುವುದು ಹೆಚ್ಚಾಗಿ ಮೊದಲನೆಯ ಬಗೆ. ಇದರಲ್ಲಿ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯು ದಾರಿತಪ್ಪಿ, ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ನನ್ನು ತಯಾರಿಸುವ ಜೀವಕಣಗಳನ್ನೇ ನಾಶಮಾಡಿಬಿಡುತ್ತದೆ. ಇದು ಕಬ್ಬು ತಿಂದುದರಿಂದ ಬಂದುದಲ್ಲ, ಮುಟ್ಟಿದರೆ ಅಂಟುವುದಲ್ಲ, ಯಾರ ಪಾಪದ ಫಲವೂ ಅಲ್ಲ. ನಮ್ಮ ರಾಜ್ಯದಲ್ಲಿ 1995ರಿಂದ ಹದಿಮೂರು ವರ್ಷ ನಡೆಸಿದ ನೋಂದಣಿಯ ಪ್ರಕಾರ, ಲಕ್ಷ ಬಾಲಕಿಯರಲ್ಲಿ 4 ಮಂದಿಗೂ ಲಕ್ಷ ಬಾಲಕರಲ್ಲಿ 3.7 ಮಂದಿಗೂ ವರ್ಷಕ್ಕೆ ಈ ಬಗೆಯ ರೋಗವು ಹೊಸದಾಗಿ ಬರುವುದೆಂದು ಕಂಡುಬಂದಿತು. ಸಂಖ್ಯೆಯು ಸಣ್ಣದೇ ಸರಿ. ಆದರೆ ಆ ನಾಲ್ವರಲ್ಲಿ ಒಬ್ಬಳು ನಮ್ಮ ಮನೆಯವಳಾದಾಗ ಸಂಖ್ಯೆಯು ಸಣ್ಣದಾಗಿ ಉಳಿಯುವುದಿಲ್ಲ.

ಇನ್ಸುಲಿನ್ನಿನ ಕೆಲಸವೇನೆಂಬುದನ್ನು ನಾವು ತರಗತಿಯಲ್ಲಿ ಹೇಳಿಕೊಡುವ ರೀತಿಯಲ್ಲಿಯೇ ಇಲ್ಲಿಯೂ ಹೇಳುತ್ತೇವೆ. ನೀರುಗಂಟಿಯೆಂದರೆ ಯಾರೆಂದು ನಮ್ಮ ಸೀಮೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ನಾಲೆಯು ದಡ ತುಂಬಿ ಹರಿಯುತ್ತಿದ್ದರೂ ನೀರುಗಂಟಿಯು ಬಂದು ತೂಬನ್ನು ಎತ್ತದಿದ್ದರೆ ಕೆಳಗಿನ ಗದ್ದೆಗೆ ಒಂದು ಹನಿಯೂ ಇಳಿಯದು. ನಾವು ಉಂಡ ಅನ್ನದಲ್ಲಿಯೂ ರಾಗಿಮುದ್ದೆಯಲ್ಲಿಯೂ ಇರುವ ಪಿಷ್ಟವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ರಕ್ತವೇ ನಾಲೆ, ದೇಹದ ಜೀವಕಣಗಳೇ ಗದ್ದೆಗಳು, ಇನ್ಸುಲಿನ್ನೇ ನೀರುಗಂಟಿ. ನೀರುಗಂಟಿಯಿಲ್ಲದ ನಾಲೆಯಲ್ಲಿ ನೀರು ಉಕ್ಕುತ್ತದೆ, ಗದ್ದೆಯು ಬಿರುಕುಬಿಡುತ್ತದೆ. ಹಾಗೆಯೇ ಇನ್ಸುಲಿನ್ನಿಲ್ಲದ ದೇಹದಲ್ಲಿ ರಕ್ತದ ತುಂಬ ಸಕ್ಕರೆಯಿದ್ದರೂ ಜೀವಕಣಗಳು ಉಪವಾಸ ಬೀಳುತ್ತವೆ.

ರಕ್ತದ ಒಂದು ಡೆಸಿಲೀಟರಿನಲ್ಲಿ ಸಕ್ಕರೆಯು ಸುಮಾರು 180 ಮಿಲಿಗ್ರಾಮನ್ನು ಮೀರಿದರೆ ಮೂತ್ರಪಿಂಡಗಳು ಅದನ್ನು ತಡೆದಿಡಲಾರದೆ ಮೂತ್ರದೊಡನೆ ಹೊರಬಿಡುತ್ತವೆ. ಸಕ್ಕರೆಯು ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆದಕಾರಣ ಮಗುವು ಹಗಲಿರುಳೂ ಮೂತ್ರಕ್ಕೆ ಹೋಗುತ್ತದೆ. ಎಷ್ಟು ಕುಡಿದರೂ ಬಾಯಾರಿಕೆ ತೀರದು. ಹಾಸಿಗೆ ನೆನೆಸುವುದನ್ನು ಎಂದೋ ಬಿಟ್ಟಿದ್ದ ಮಗುವು ಮತ್ತೆ ನೆನೆಸತೊಡಗುತ್ತದೆ. ಹೊಟ್ಟೆತುಂಬ ಉಂಡರೂ ಮೈ ಇಳಿಯುತ್ತದೆ.

ಇಷ್ಟರಲ್ಲಿಯೇ ದೇಹವು ಬೇರೆ ಸೌದೆಯನ್ನು ಹುಡುಕಿಕೊಂಡು ತನ್ನ ಕೊಬ್ಬನ್ನು ಉರಿಸತೊಡಗುವುದು. ಹಸಿ ಸೌದೆಯನ್ನು ಒಲೆಗಿಟ್ಟರೆ ಉರಿಗಿಂತ ಹೊಗೆಯೇ ಹೆಚ್ಚಾಗುವಂತೆ, ಕೊಬ್ಬು ಅಳತೆಮೀರಿ ಕರಗಿದಾಗ ಯಕೃತ್ತಿನಲ್ಲಿ ಕೀಟೋನುಗಳೆಂಬ ಹುಳಿಪದಾರ್ಥಗಳು ಹುಟ್ಟಿ ರಕ್ತದಲ್ಲಿ ರಾಶಿಬೀಳುತ್ತವೆ. ಆರೋಗ್ಯವಂತರ ರಕ್ತವು ಸ್ವಲ್ಪ ಕ್ಷಾರಗುಣವುಳ್ಳದ್ದು. ಅದರ ಪಿಎಚ್ ಅಳತೆಯು 7.35ಕ್ಕೂ 7.45ಕ್ಕೂ ನಡುವೆ ಇರುತ್ತದೆ. ಕೀಟೋನುಗಳಿಂದ ಅದು 7.3ಕ್ಕಿಂತ ಕೆಳಗಿಳಿದಾಗ ಆ ಸ್ಥಿತಿಯನ್ನು ವೈದ್ಯರು ಡಯಾಬಿಟಿಕ್ ಕೀಟೋ ಆಸಿಡೋಸಿಸ್ ಎಂದು ಕರೆಯುವರು. ಮದ್ದು ದೊರೆಯದಿದ್ದರೆ ಈ ಸ್ಥಿತಿಯು ಕೊಲ್ಲುತ್ತದೆ. ಕೆಲವು ಸಲ ಒಂದು ದಿನದೊಳಗಾಗಿಯೇ ವಿಷಮಿಸುತ್ತದೆ.

ಪುಸ್ತಕದಲ್ಲಿ ಓದಿದ್ದ ಈ ಲಕ್ಷಣಗಳೆಲ್ಲವೂ ಒಂದು ಮಗುವಿನಲ್ಲಿ ಹೇಗೆ ಕಾಣಿಸಿಕೊಂಡವೆಂಬುದನ್ನು ನಾವು ಕೆಲವು ವರ್ಷಗಳ ಕೆಳಗೆ ತಿಳಿಯಬೇಕಾಗಿ ಬಂದಿತು. ಚುಂಚನಕಟ್ಟೆಯ ಸಮೀಪದ ಒಂದು ಹಳ್ಳಿಯ ಹುಡುಗಿಯು ಸಂಕ್ರಾಂತಿಯ ಹೊತ್ತಿನಲ್ಲಿ ಅಲ್ಲಿ ನಡೆಯುವ ದನಗಳ ಜಾತ್ರೆಯ ವೇಳೆಗೆ ಮನೆಯಲ್ಲಿದ್ದಳು. ಕೆಲವು ವಾರಗಳಿಂದ ಅವಳಿಗೆ ಬಾಯಾರಿಕೆಯಿತ್ತಂತೆ, ಲಂಗದ ದಾರವನ್ನು ಬಿಗಿದು ಕಟ್ಟಬೇಕಾಗಿತ್ತಂತೆ. ಬೆಳೆಯುವ ಹುಡುಗಿ, ಎತ್ತರವಾಗುತ್ತಿದ್ದಾಳೆ ಎಂದು ಮನೆಯವರು ಸಂತೋಷಪಟ್ಟಿದ್ದರು. ಜಾತ್ರೆಯಲ್ಲಿ ಬಾಯಾರಿಕೆ ತಡೆಯಲಾರದೆ ಅವಳು ಕಬ್ಬಿನ ಹಾಲನ್ನು ಮೇಲಿಂದ ಮೇಲೆ ಕುಡಿದಳು. ಮರುದಿನ ಹೊಟ್ಟೆನೋವು, ವಾಂತಿ. ಜಾತ್ರೆಯ ತಿಂಡಿ ಒಗ್ಗಲಿಲ್ಲವೆಂದು ಒಬ್ಬರು ಓಮದ ಕಷಾಯ ಕೊಟ್ಟರು. ದೃಷ್ಟಿ ತಗುಲಿತೆಂದು ಅಜ್ಜಿಯು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಸಂಜೆಯ ವೇಳೆಗೆ ಹುಡುಗಿಯು ಓಡಿಬಂದವಳಂತೆ ಆಳವಾಗಿ ಏದುಸಿರು ಬಿಡುತ್ತ ಮಂಕಾಗಿ ಮಲಗಿದ್ದಳು.

ಆ ದಿನ ಜಾತ್ರೆಗೆಂದು ಬಂದಿದ್ದ, ವರಸೆಯಲ್ಲಿ ಅವಳಿಗೆ ಚಿಕ್ಕಮ್ಮನಾಗಬೇಕಾದ ಒಬ್ಬಾಕೆಯು ನಮ್ಮ ಶಾಲೆಯಲ್ಲಿ ಓದಿ ನರ್ಸಿನ ಕೆಲಸದಲ್ಲಿದ್ದವಳು. ಹುಡುಗಿಯ ಮುಖದ ಬಳಿ ಬಾಗಿದಾಗ ಅತಿಯಾಗಿ ಹಣ್ಣಾದ ಹಣ್ಣಿನಂಥ ವಾಸನೆಯು ಆಕೆಗೆ ತಿಳಿಯಿತು. "ಅಕ್ಕ, ಇದು ದೃಷ್ಟಿ ಅಲ್ಲ ಕಣಕ್ಕ; ಮೊದಲು ರಕ್ತ ನೋಡ್ಬೇಕು" ಎಂದು ಹೇಳಿ, ನೆರೆಮನೆಯ ವೃದ್ಧರೊಬ್ಬರ ಸಕ್ಕರೆ ಅಳೆಯುವ ಯಂತ್ರವನ್ನು ತರಿಸಿ, ಹುಡುಗಿಯ ಬೆರಳನ್ನು ಚುಚ್ಚಿ ನೋಡಿದಳು. ಯಂತ್ರದಲ್ಲಿ ಅಂಕಿ ಬರಲಿಲ್ಲ. ಅಳತೆಗೆ ಮೀರಿದೆಯೆಂಬ ಸೂಚನೆ ಬಂದಿತು. ಕೂಡಲೇ 108ಕ್ಕೆ ಕರೆ ಹೋಯಿತು. ಮೈಸೂರಿನ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಉಪ್ಪುನೀರನ್ನೂ ಇನ್ಸುಲಿನ್ನನ್ನೂ ಗಂಟೆಗಂಟೆಗೆ ಅಳೆದು ಕೊಟ್ಟರು. ಮೂರನೆಯ ದಿನ ನಾವು ಹೋಗಿ ನೋಡಿದಾಗ ಹುಡುಗಿಯು ಎದ್ದು ಕುಳಿತು ಇಡ್ಲಿ ತಿನ್ನುತ್ತಿದ್ದಳು.

ಅವಳ ಏದುಸಿರಿನ ಕಾರಣವನ್ನು ಇಲ್ಲಿ ಹೇಳುವುದು ಉಚಿತ. ರಕ್ತದಲ್ಲಿ ಹುಳಿ ಹೆಚ್ಚಾದಾಗ ಶ್ವಾಸಕೋಶಗಳು ಇಂಗಾಲಾಮ್ಲ ವಾಯುವನ್ನು ಜೋರಾಗಿ ಹೊರದೂಡಿ ಆ ಹುಳಿಯನ್ನು ತಗ್ಗಿಸಲು ಹೆಣಗುತ್ತವೆ. ಆದುದರಿಂದಲೇ ಆ ಉಸಿರು ಆಳವಾಗಿಯೂ ವೇಗವಾಗಿಯೂ ಬಿಡುವಿಲ್ಲದೆಯೂ ಇರುವುದು. ಜರ್ಮನಿಯ ವೈದ್ಯನಾದ ಅಡಾಲ್ಫ್ ಕುಸ್ಮಾಲ್ ಎಂಬಾತನು 1874ರಲ್ಲಿ ಇದನ್ನು ವರ್ಣಿಸಿದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ನಮ್ಮ ಮನೆಗಳಲ್ಲಿ ಇದನ್ನು ಉಬ್ಬಸವೆಂದೋ ನ್ಯುಮೋನಿಯವೆಂದೋ ತಿಳಿಯುವುದುಂಟು. ಹಣ್ಣಿನ ವಾಸನೆಯು ಉಸಿರಿನೊಡನೆ ಹೊರಬರುವ ಅಸಿಟೋನಿನದು. ಎಲ್ಲರ ಮೂಗಿಗೂ ಅದು ತಿಳಿಯದಾದಕಾರಣ, ವಾಸನೆಯಿಲ್ಲವೆಂದು ಧೈರ್ಯಗೊಳ್ಳಕೂಡದು. ಒಣಗಿದ ನಾಲಗೆ, ಗುಳಿಬಿದ್ದ ಕಣ್ಣು, ತಡೆಯಲಾರದ ಆಯಾಸ, ಹೊಟ್ಟೆನೋವು, ವಾಂತಿ, ಮಾತಿನಲ್ಲಿ ತಡವರಿಕೆ, ಮಂಪರು, ಕಡೆಯಲ್ಲಿ ಪ್ರಜ್ಞೆ ತಪ್ಪುವುದು, ಇವೇ ಈ ವಿಪತ್ತು ನಡೆದುಬರುವ ದಾರಿ. ವಾಂತಿಯಾಗುತ್ತಿರುವ ಮಗುವಿಗೆ ಮೂತ್ರವು ಕಡಮೆಯಾಗಬೇಕಾದುದು ಸಹಜ. ವಾಂತಿಯೂ ಆಗುತ್ತಿದ್ದು ಮೂತ್ರವೂ ಧಾರಾಳವಾಗಿ ಹೋಗುತ್ತಿದ್ದರೆ ತಾಯಿಯು ಅಲ್ಲಿಯೇ ಸಂಶಯಪಡತಕ್ಕದ್ದು.

ಇನ್ನು ಕಾರಣಗಳು. ಕೆಲವರಲ್ಲಿ ರೋಗವಿದೆಯೆಂಬುದೇ ತಿಳಿಯದೆ, ಈ ವಿಪತ್ತೇ ಅದರ ಮೊದಲ ಸುದ್ದಿಯಾಗಿ ಬರುತ್ತದೆ. ಮೇಲೆ ಹೇಳಿದ ಹುಡುಗಿಯದು ಹೀಗೆಯೇ ಆಯಿತು. ರೋಗವು ತಿಳಿದಿರುವವರಲ್ಲಿ ಮುಖ್ಯ ಕಾರಣವು ಇನ್ಸುಲಿನ್ನನ್ನು ಬಿಡುವುದು ಅಥವಾ ಕಡಮೆ ಮಾಡುವುದು. ಜ್ವರ, ಶ್ವಾಸಕೋಶದ ಸೋಂಕು, ಮೂತ್ರದ ಸೋಂಕು, ಕೀವುಗಟ್ಟಿದ ಹುಣ್ಣು ಮುಂತಾದವು ಬಂದಾಗ ದೇಹಕ್ಕೆ ಹೆಚ್ಚು ಇನ್ಸುಲಿನ್ ಬೇಕಾಗುವುದರಿಂದ ಅವೂ ಕಾರಣಗಳಾಗುವುವು. ಶಸ್ತ್ರಚಿಕಿತ್ಸೆ, ಮೇದೋಜೀರಕ ಗ್ರಂಥಿಯ ಬಾವು, ಹೃದಯಾಘಾತ, ಸ್ಟೀರಾಯ್ಡ್ ಔಷಧಗಳು ಇವುಗಳಿಂದಲೂ ಬರಬಹುದು. ಬಿಸಿಲಿಗೆ ಕೆಟ್ಟುಹೋದ ಇನ್ಸುಲಿನ್ನು ಚುಚ್ಚಿಕೊಂಡರೂ ಚುಚ್ಚಿಕೊಳ್ಳದಂತೆಯೇ. ದೊಡ್ಡವರ ಬಗೆಯ ರೋಗವುಳ್ಳವರಿಗೂ ಈ ಅಪಾಯವುಂಟು. ಗ್ಲಿಫ್ಲೋಜಿನ್ ಎಂದು ಹೆಸರು ಕೊನೆಗೊಳ್ಳುವ ಹೊಸ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆಯು ಅಷ್ಟೇನೂ ಏರದೆಯೇ ಕೀಟೋನು ಹೆಚ್ಚುವುದುಂಟು. ಗರ್ಭಿಣಿಯರಲ್ಲಿಯೂ ಹಾಗೆಯೇ.

ಆದರೆ ಪುಸ್ತಕಗಳಲ್ಲಿ ಈ ಹೆಸರಿನಿಂದ ಕಾಣಿಸದ ಒಂದು ಕಾರಣವು ನಮ್ಮ ಸೀಮೆಯಲ್ಲಿದೆ. ಅದು ಮರೆಮಾಚುವಿಕೆ.

ಆಸ್ಪತ್ರೆಯಿಂದ ಹಿಂದಿರುಗಿದ ಹುಡುಗಿಯನ್ನು ಬೋರ್ಡಿಂಗಿಗೆ ಕರೆತಂದ ದಿನ ಅವಳ ತಾಯಿಯು ನಮ್ಮನ್ನು ಬದಿಗೆ ಕರೆದು, "ಹೆಣ್ಣುಮಗು ಅಮ್ಮಾವ್ರೇ, ನಾಳೆ ಯಾರು ಮದ್ವೆ ಆದಾರು? ನಾಕು ಜನಕ್ಕೆ ತಿಳೀಬಾರ್ದು" ಎಂದು ಕಣ್ಣೀರಿಟ್ಟಳು. ಆ ತಾಯಿಯನ್ನು ನಾವು ನಿಂದಿಸಲಾರೆವು. ಅವಳ ಭಯವು ಸುಳ್ಳಲ್ಲ. ನಾವು ಅವಳಿಗೆ ಬುದ್ಧಿವಾದವನ್ನು ಹೇಳಲಿಲ್ಲ. ನಮಗೆ ತಿಳಿದಿದ್ದ ಇನ್ನೊಬ್ಬ ಹುಡುಗಿಯ ವೃತ್ತಾಂತವನ್ನು ಹೇಳಿದೆವು. ಅದನ್ನು ಇಲ್ಲಿಯೂ ಹೇಳುತ್ತೇವೆ; ಹೆಸರನ್ನೂ ಊರನ್ನೂ ಹೇಳುವುದಿಲ್ಲ.

ಆ ಹುಡುಗಿಯು ನಮ್ಮಲ್ಲಿ ಓದಿದವಳು. ಪಾಠದಲ್ಲಿ ಚುರುಕು, ಕಸೂತಿಯ ಕೆಲಸದಲ್ಲಿ ಬಹುಮಾನ ಪಡೆದವಳು. ಶಾಲೆಯನ್ನು ಬಿಟ್ಟ ಮೇಲೆ ಅವಳಿಗೆ ಈ ರೋಗವು ಕಾಣಿಸಿಕೊಂಡಿತು. ಇನ್ಸುಲಿನ್ನಿನಿಂದ ಚೆನ್ನಾಗಿಯೇ ಇದ್ದಳು. ವಿಷಯವನ್ನು ಹೇಳದೆ ಮದುವೆ ಮಾಡಿದರು. ಗಂಡನ ಮನೆಯು ಕೂಡುಕುಟುಂಬ. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಿಲ್ಲ. ಸೂಜಿಯನ್ನು ಯಾರಾದರೂ ಕಂಡಾರೆಂಬ ಹೆದರಿಕೆಯಿಂದ ಮೊದಲು ಒಂದು ಹೊತ್ತು ಬಿಟ್ಟಳು, ಆಮೇಲೆ ದಿನವಿಡೀ ಬಿಟ್ಟಳು. ಕೆಲವೇ ದಿನಗಳಲ್ಲಿ ವಾಂತಿ ಪ್ರಾರಂಭವಾಯಿತು. ಹೊಸದಾಗಿ ಬಂದ ಸೊಸೆಗೆ ವಾಂತಿಯಾದರೆ ಮನೆಯವರು ಏನೆಂದು ತಿಳಿಯುವರು? ಬಸಿರೆಂದು ತಿಳಿದು ಅತ್ತೆಯು ಸಂತೋಷದಿಂದ ನೆರೆಯವರಿಗೆ ಹೇಳಿದಳು, ಹುಳಿಮಾವಿನಕಾಯಿ ತರಿಸಿಕೊಟ್ಟಳು. ಸುಸ್ತನ್ನೂ ಬಯಕೆಯ ಸಂಕಟವೆಂದೇ ಎಣಿಸಿದರು. ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಪ್ರಜ್ಞೆಯಿರಲಿಲ್ಲ. ಅವಳು ಉಳಿಯಲಿಲ್ಲ. ಆ ಅತ್ತೆಯು ಅನಂತರ, "ಒಂದು ಮಾತು ಹೇಳಿದ್ದರೆ ನಾನೇ ಚುಚ್ಚುತ್ತಿದ್ದೆ" ಎಂದು ಎದೆ ಬಡಿದುಕೊಂಡಳೆಂದು ನಾವು ಕೇಳಿದೆವು.

ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ಮೇಲಿನಿಂದ ಭೋರ್ಗರೆದು ಧುಮುಕುವ ಸ್ಥಳದ ಬಳಿಯಲ್ಲಿಯೇ ಕೋದಂಡರಾಮನ ದೇವಾಲಯವಿದೆ. ಅಷ್ಟು ಹತ್ತಿರದ ಜಲಪಾತದ ಸದ್ದು ಗರ್ಭಗುಡಿಯೊಳಗೆ ಕೇಳಿಸದೆಂದು ಊರಿನವರು ಹೇಳುವರು. ಆ ಮನೆಯ ಸ್ಥಿತಿಯೂ ಹಾಗೆಯೇ ಆಯಿತು. ರೋಗವು ಬಾಗಿಲಲ್ಲಿ ನಿಂತು ಗರ್ಜಿಸುತ್ತಿದ್ದರೂ ಒಳಗಿನವರಿಗೆ ಕೇಳಿಸಲಿಲ್ಲ. ಕೇಳಿಸದಂತೆ ಗೋಡೆಯನ್ನು ಕಟ್ಟಿದವರು ಅವಳ ಮೇಲೆ ಪ್ರೀತಿಯಿಟ್ಟಿದ್ದವರೇ.

ಈ ಇನ್ಸುಲಿನ್ನು ಲೋಕಕ್ಕೆ ಹೇಗೆ ಬಂದಿತೆಂಬುದನ್ನು ತಿಳಿದರೆ, ಅದನ್ನು ಬಚ್ಚಿಡಲು ಯಾರಿಗೂ ಮನಸ್ಸು ಬಾರದು. ನೂರು ವರ್ಷಗಳಿಗೆ ಸ್ವಲ್ಪ ಹಿಂದಿನವರೆಗೆ ಈ ರೋಗ ಬಂದ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ ಬದುಕಿಸುವುದಷ್ಟೇ ವೈದ್ಯರಿಗೆ ಸಾಧ್ಯವಾಗಿತ್ತು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ವೈದ್ಯನೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ ಪ್ರೊಫೆಸರ್ ಮೆಕ್ಲಿಯಾಡರ ಪ್ರಯೋಗಶಾಲೆಯಲ್ಲಿ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಈ ಸತ್ವವನ್ನು ತೆಗೆದರು; ಜೇಮ್ಸ್ ಕಾಲಿಪ್ ಎಂಬಾತನು ಅದನ್ನು ಶುದ್ಧಿಮಾಡಿದನು. 1922ನೆಯ ಜನವರಿಯಲ್ಲಿ ಲೆನರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನು ಅದನ್ನು ಪಡೆದವರಲ್ಲಿ ಮೊದಲಿಗನಾಗಿ ಚೇತರಿಸಿಕೊಂಡನು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡರಿಗೆ ನೊಬೆಲ್ ಬಹುಮಾನ ಬಂದಿತು. ಅದರ ಪೇಟೆಂಟಿನ ಹಕ್ಕನ್ನು ಕಂಡುಹಿಡಿದವರು ತಲೆಗೆ ಒಂದೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿಬಿಟ್ಟರು. ಬ್ಯಾಂಟಿಂಗನು ಹುಟ್ಟಿದುದು 1891ನೆಯ ನವೆಂಬರ್ 14ರಂದು. ಆ ದಿನವನ್ನು ಲೋಕವು ಮಧುಮೇಹದ ದಿನವಾಗಿ ಆಚರಿಸುತ್ತದೆ; ನಮ್ಮ ದೇಶದಲ್ಲಿ ಅದೇ ಮಕ್ಕಳ ದಿನವೂ ಆಗಿರುವುದರಿಂದ, ನಮ್ಮ ಶಾಲೆಯಲ್ಲಿ ಆ ದಿನದ ಸಭೆಯಲ್ಲಿ ಈ ವೃತ್ತಾಂತವನ್ನು ತಪ್ಪದೆ ಹೇಳುತ್ತೇವೆ.

ಮರೆಮಾಚದೆ ಬರೆದಿಡುವುದರಿಂದ ಆಗುವ ಉಪಕಾರಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ನಿದರ್ಶನವುಂಟು. ಮೈಸೂರಿನ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಪ್ರಾರಂಭವಾಯಿತು. 1934ರಿಂದ ಅಲ್ಲಿ ಹುಟ್ಟಿದ ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟರು. ಯಾರೂ ಹೆಸರಿಡದ ಆ ಕೆಲಸವು ದಶಕಗಳ ಮೇಲೆ ಫಲಕೊಟ್ಟಿತು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಅಲ್ಲಿ ಹುಟ್ಟಿ ಈಗ ನಡುವಯಸ್ಸು ಮೀರಿದ್ದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗಿನ ಅಳತೆಗೂ ತಾಯಿಯ ದೇಹಸ್ಥಿತಿಗೂ ಮುಂದೆ ಬರುವ ಹೃದ್ರೋಗ, ಮಧುಮೇಹಗಳಿಗೂ ಸಂಬಂಧವುಂಟೆಂಬುದನ್ನು ಲೋಕದ ವೈದ್ಯರು ತಿಳಿಯಲು ಮೈಸೂರಿನ ಆ ಪುಸ್ತಕಗಳು ನೆರವಾದುವು. ಅದು ದೊಡ್ಡವರ ಬಗೆಯ ಮಧುಮೇಹದ ವಿಷಯವಾದರೂ, ಅದರ ಪಾಠವು ನಮ್ಮ ಹುಡುಗಿಯರಿಗೂ ಸಲ್ಲುತ್ತದೆ. ಆದುದರಿಂದ ನಮ್ಮ ಬೋರ್ಡಿಂಗಿನಲ್ಲಿ ಈ ರೋಗವುಳ್ಳ ಪ್ರತಿ ಹುಡುಗಿಯೂ ಒಂದು ನೋಟ್‌ಬುಕ್ಕಿನಲ್ಲಿ ದಿನದಿನದ ಸಕ್ಕರೆಯ ಅಳತೆಯನ್ನೂ ಇನ್ಸುಲಿನ್ನಿನ ಪ್ರಮಾಣವನ್ನೂ ಬರೆದಿಡುತ್ತಾಳೆ. ಊಟದ ಮನೆಯಲ್ಲಿಯೇ ಕುಳಿತು ಸೂಜಿ ಹಾಕಿಕೊಳ್ಳುತ್ತಾಳೆ. ಮೊದಲ ವಾರ ಉಳಿದವರು ಕತ್ತೆತ್ತಿ ನೋಡಿದರು. ಎರಡನೆಯ ವಾರ ತಮ್ಮ ಸಾರು ಅನ್ನದ ಕಡೆಗೆ ನೋಡಿಕೊಂಡರು.

ತಾಯಂದಿರು ನೆನಪಿಡತಕ್ಕ ಮಾತುಗಳನ್ನು ಇಲ್ಲಿ ಒಟ್ಟುಗೂಡಿಸುತ್ತೇವೆ. ಮಗುವಿಗೆ ಬಾಯಾರಿಕೆ, ಬಹುಮೂತ್ರ, ಮೈ ಇಳಿಯುವುದು ಇವು ಕಂಡುಬಂದರೆ ಆ ದಿನವೇ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಸಬೇಕು; ಒಂದು ತೊಟ್ಟು ರಕ್ತ, ಕೆಲವು ಕ್ಷಣಗಳ ಕೆಲಸ. ವಾಂತಿಯೋ ಏದುಸಿರೋ ಮಂಪರೋ ಜೊತೆಗೂಡಿದರೆ ಬೆಳಗಾಗಲೆಂದು ಕಾಯದೆ, ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಮನೆಯಲ್ಲಿ ವಾಸಿಮಾಡಲಾಗದು. ಆಸ್ಪತ್ರೆಯಲ್ಲಿಯೂ ನೀರನ್ನು ಅಳೆದು ಕೊಡಬೇಕು, ರಕ್ತದ ಪೊಟ್ಯಾಸಿಯಮ್ಮನ್ನು ನೋಡುತ್ತಿರಬೇಕು. ಮಕ್ಕಳಲ್ಲಿ ಮಿದುಳು ಊದಿಕೊಳ್ಳುವ ಅಪಾಯವೂ ಉಂಟು. ರೋಗವು ತಿಳಿದಿರುವ ಮಗುವಿಗೆ ಜ್ವರವೋ ವಾಂತಿಯೋ ಬಂದಾಗ, ಊಟವನ್ನೇ ಮಾಡಿಲ್ಲ, ಸೂಜಿಯೇಕೆ ಎಂದು ಹಿರಿಯರು ಹೇಳುವುದು ವಾಡಿಕೆ. ಈ ಮಾತಿನಿಂದ ಹೋದ ಪ್ರಾಣಗಳುಂಟು. ಪ್ರಮಾಣವನ್ನು ವೈದ್ಯರು ಬದಲಾಯಿಸಬಹುದು. ಇನ್ಸುಲಿನ್ನನ್ನು ಪೂರ್ತಿಯಾಗಿ ನಿಲ್ಲಿಸಕೂಡದು. ಕೆಲವು ಗಂಟೆಗಳಿಗೊಮ್ಮೆ ಸಕ್ಕರೆಯನ್ನು ನೋಡಬೇಕು, ಕೀಟೋನು ನೋಡುವ ಪಟ್ಟಿಯಿಂದ ಮೂತ್ರವನ್ನು ಪರೀಕ್ಷಿಸಬೇಕು, ನೀರು ಕುಡಿಸುತ್ತಿರಬೇಕು. ಇನ್ಸುಲಿನ್ನಿನ ದಾಸ್ತಾನನ್ನು 2ರಿಂದ 8 ಡಿಗ್ರಿ ಸೆಲ್ಷಿಯಸಿನ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿಸಕೂಡದು. ಫ್ರಿಜ್ಜಿಲ್ಲದ ಮನೆಯಲ್ಲಿ ಒದ್ದೆ ಮರಳಿನ ಮೇಲೆ ಮಣ್ಣಿನ ಕುಡಿಕೆಯನ್ನಿಟ್ಟು, ಅದರೊಳಗೆ ನೀರು ತಾಗದಂತೆ ಶೀಶೆಯನ್ನು ಇಡಬಹುದು. ಯಾವ ಸೊಪ್ಪಿನ ರಸವೂ ಯಾವ ಕಷಾಯವೂ ಈ ಮಕ್ಕಳಿಗೆ ಇನ್ಸುಲಿನ್ನಿನ ಬದಲಿಗೆ ಆಗಲಾರದು.

ಹೆಣ್ಣು ನೋಡಲು ಬಂದವರಿಗೆ ಹೇಳಬೇಕೇ ಎಂದು ನಮ್ಮನ್ನು ಕೇಳುವ ತಾಯಿತಂದೆಗಳಿಗೆ ನಮ್ಮ ಉತ್ತರವು ಒಂದೇ. ಹೇಳಿದರೆ ಒಂದು ಸಂಬಂಧವು ತಪ್ಪಿಹೋಗಬಹುದು. ಹೇಳದಿದ್ದರೆ ಹುಡುಗಿಯೇ ತಪ್ಪಿಹೋಗಬಹುದು. ಸಮಯಕ್ಕೆ ಸರಿಯಾಗಿ ಇನ್ಸುಲಿನ್ ತೆಗೆದುಕೊಳ್ಳುವ ಹುಡುಗಿಯು ಓದಬಲ್ಲಳು, ಓಡಬಲ್ಲಳು, ದುಡಿಯಬಲ್ಲಳು; ವೈದ್ಯರ ಎಚ್ಚರಿಕೆಯಲ್ಲಿದ್ದು ಮಕ್ಕಳ ತಾಯಿಯೂ ಆಗಬಲ್ಲಳು. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅತ್ತೆಯ ಸ್ಥಾನದಲ್ಲಿರುವವರನ್ನು ನಾವು ವಿಶೇಷವಾಗಿ ಬೇಡಿಕೊಳ್ಳುವುದೇನೆಂದರೆ, ಸೊಸೆಯಾಗಿ ಬರುವವಳು ಇಂಥ ಮಾತನ್ನು ಹೆದರದೆ ಹೇಳಬಹುದಾದ ಮನೆಯನ್ನು ಅವರು ಕಟ್ಟಲಿ. ಜಾತ್ರೆಯ ಸಂಜೆ ವಾಸನೆಯಿಂದ ರೋಗವನ್ನು ಗುರುತಿಸಿದ ಆ ನರ್ಸು ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತು ಆರೋಗ್ಯಶಾಸ್ತ್ರದ ಪಾಠವನ್ನು ಕೇಳಿದವಳು. ಈ ಲೇಖನವನ್ನು ಓದಿದವರಲ್ಲಿ ಒಬ್ಬರು ಮುಂದೆ ಒಂದು ರಾತ್ರಿ ಯಾವುದೋ ಮಗುವಿನ ಹಣೆಯನ್ನು ಮುಟ್ಟಿ, ಅದರ ಉಸಿರನ್ನು ಗಮನಿಸಿ, "ರಕ್ತ ನೋಡಿಸೋಣ" ಎಂದರೆ, ಈ ಸಂಚಿಕೆಯನ್ನು ಅಚ್ಚುಹಾಕಿಸಿದ ಶ್ರಮವು ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.